ಎಂಜಿನ್ ತಿಂದವನು

ಲಾರಿಯ ಎಂಜಿನ್ನಿನಲ್ಲಿ ಎಣ್ಣೆ ತಡೆಯುವ ಸೀಲುಗಳನ್ನಷ್ಟೇ ಬದಲಾಯಿಸಿದರೆ ನಲವತ್ತು ಸಾವಿರ, ಮೂರು ದಿನ. ಎಂಜಿನ್ನನ್ನೇ ಇಳಿಸಿ, ಹಳೆಯ ಎಂಜಿನ್ನುಗಳ ಯಾರ್ಡಿನಲ್ಲಿ ಸಿದ್ಧಮಾಡಿಟ್ಟ ಬೇರೊಂದನ್ನು ಕೂರಿಸಿದರೆ ಎರಡು ಲಕ್ಷ ಎಂಬತ್ತು ಸಾವಿರ, ಹತ್ತು ದಿನ, ಆಮೇಲೆ ಹೊಸ ಎಂಜಿನ್ನಿನ ನಂಬರನ್ನು ಆರ್‌ಸಿಯಲ್ಲಿ ಬರೆಸಲು ಆರ್‌ಟಿಓ ಕಚೇರಿಗೆ ಅಲೆಯುವ ಖರ್ಚು ಬೇರೆ. ಪೀಣ್ಯ ಎರಡನೇ ಹಂತದ ಗ್ಯಾರೇಜಿನ ಮುಂದೆ, ಯಾವುದೋ ಲಾರಿಯಿಂದ ಕಿತ್ತು ಬೆಂಚಿನ ಹಾಗೆ ಹಾಕಿದ್ದ ಹಳೆಯ ಸೀಟಿನ ಮೇಲೆ ಕೂತು ಲಾರಿ ಮಾಲೀಕ ಕರಿಬಸಪ್ಪ ಈ ಎರಡು ಮೊತ್ತಗಳನ್ನು ಬೆಳಿಗ್ಗೆಯಿಂದ ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದ. ನಲವತ್ತು ಸಾವಿರವೆಂದರೆ ಒಂದು ಜೊತೆ ಟೈರು. ಎರಡು ಲಕ್ಷ ಎಂಬತ್ತೆಂದರೆ, ಪ್ರತಿ ಯುಗಾದಿಗೂ ಮುಂದಿನ ಯುಗಾದಿಗೆ ಆಗಲಿ ಎಂದು ಹೆಂಡತಿ ಗಂಗಮ್ಮನಿಗೆ ಹೇಳಿಕೊಂಡು ಬಂದ ಚಿನ್ನದ ಸರ. ಚಿನ್ನದ ಬೆಲೆ ಏರುತ್ತ ಹೋದಂತೆ ಅವಳ ಮಾತಿನಲ್ಲಿ ಸರದ ಎಳೆ ಸಣ್ಣದಾಗುತ್ತ ಬಂದು, ಈಗ ಅದರ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದಳು. ಬಿಟ್ಟಿದ್ದಾಳೆಂದು ಇವನು ಅಂದುಕೊಂಡಿದ್ದ. ಬಿಟ್ಟಿದ್ದಾಳೋ ಇಲ್ಲವೋ ಎಂಬುದು ಲಾರಿಗೆ ಅಷ್ಟು ಹಣ ಸುರಿದ ದಿನ ಗೊತ್ತಾಗುತ್ತದೆ.

ಆರು ಚಕ್ರದ ಆ ಲಾರಿ ಎಣ್ಣೆ ಬಿಡಲು ಶುರುಮಾಡಿದ್ದು ದೀಪಾವಳಿಯ ಹೊತ್ತಿಗೆ. ಮೊದಲು ಎಂಜಿನ್ನಿನ ತಳದ ಚೇಂಬರಿನ ಅಂಚಿನಲ್ಲಿ ಹಣೆಯ ಬೆವರಿನಷ್ಟು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಮುಂದೆ, ಹಿಂದೆ, ಮೇಲಿನ ಮುಚ್ಚಳದ ಸಂದಿಯಲ್ಲಿ, ಗೇರ್‌ಬಾಕ್ಸು ಸೇರುವ ಕಡೆ. ಎಲ್ಲಿಂದ ಬರುತ್ತಿದೆ ನೋಡಪ್ಪ ಎಂದು ಕೇಳಿದ್ದಕ್ಕೆ ಮೆಕ್ಯಾನಿಕ್ ಚಿರಂಜೀವಿ, ಎಲ್ಲಿಂದ ಬರುತ್ತಿಲ್ಲ ಎಂದು ಕೇಳಿ ಸಾರ್, ಬೇಗ ಹೇಳಬಹುದು ಎಂದಿದ್ದ. ಪೀಣ್ಯದ ಫೌಂಡ್ರಿಯಿಂದ ಎರಕದ ಮಾಲು ತುಂಬಿಕೊಂಡು ನೈಸ್ ರೋಡು ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಆಚೆಗೆ ಇಳಿಸಿ ಬರುವುದರೊಳಗೆ ಲೀಟರ್ ಎಣ್ಣೆ ಮಂಗಮಾಯ. ಡ್ರೈವರ್ ಬೈರಪ್ಪ ಕ್ಯಾಬಿನ್ನಿನಲ್ಲಿ ನೀರಿನ ಕ್ಯಾನಿನ ಪಕ್ಕದಲ್ಲೇ ಎಣ್ಣೆಯ ಕ್ಯಾನನ್ನೂ ಇಟ್ಟುಕೊಂಡು, ಟೋಲ್ ದಾಟಿದ ಮೇಲೆ ಒಮ್ಮೆ, ಮಾಲು ಇಳಿಸಿದ ಮೇಲೆ ಒಮ್ಮೆ, ಕೂಸಿಗೆ ಹರಳೆಣ್ಣೆ ಕುಡಿಸುವಷ್ಟು ತಾಳ್ಮೆಯಿಂದ ಸುರಿಯುತ್ತಿದ್ದ. ಅವನ ಆ ತಾಳ್ಮೆಯೇ ಕರಿಬಸಪ್ಪನಿಗೆ ಒಳಗೊಳಗೆ ಕೋಪ ತರಿಸುತ್ತಿತ್ತು. ತಪ್ಪು ಮಾಡಿದವನು ಹೀಗೆ ಶಾಂತವಾಗಿರಬಾರದು ಎಂದು ಅವನಿಗೆ ಅನಿಸುತ್ತಿತ್ತು.

ತಪ್ಪು ಬೈರಪ್ಪನದೇ ಎಂದು ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಕರಿಬಸಪ್ಪನೇ ಹೇಳಿದ್ದ, ಹದಿನೈದು ದಿನದ ಹಿಂದೆ, ಲಾರಿ ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ, ನಾಲ್ಕು ಜನ ಕೇಳುವ ಹಾಗೆ. ಏರಿನಲ್ಲಿ ಗೇರು ಇಳಿಸದೆ ಎಂಜಿನ್ ನರಳಿಸಿದರೆ ಅದು ಎಣ್ಣೆ ಬಿಡದೆ ಹಾಲು ಬಿಡುತ್ತದೇನಪ್ಪ ಎಂದಿದ್ದ. ನಗು ಬಂತು, ನಗು ಬರಲಿ ಎಂದೇ ಆಡಿದ ಮಾತು. ಬೈರಪ್ಪ ನಗಲಿಲ್ಲ. ಅರ್ಧ ಕುಡಿದ ಟೀಯನ್ನು ಮಣ್ಣಿಗೆ ಚೆಲ್ಲದೆ, ಲೋಟವನ್ನು ಹಾಗೇ ಹಲಗೆಯ ಮೇಲಿಟ್ಟು, ಲಾರಿಯ ಹಿಂದಿನ ಬಾಗಿಲಿನ ಕೊಂಡಿ ನೋಡುವುದಕ್ಕೆ ಹೋದ. ಆ ಕೊಂಡಿಗೆ ಏನೂ ಆಗಿರಲಿಲ್ಲ. ಆ ಅರ್ಧ ಲೋಟ ಟೀಯ ಮೇಲೆ ಕೆನೆ ಕಟ್ಟುವವರೆಗೂ ಕರಿಬಸಪ್ಪ ಅಲ್ಲೇ ನಿಂತು ಡೀಸೆಲ್ ದರದ ವಿಷಯ ಮಾತಾಡಿದ್ದ.

ಸ್ಟ್ಯಾಂಡಿನಲ್ಲಿ ಒಂದು ನ್ಯಾಯವಿತ್ತು. ಸೀಲು ಹೋದರೆ ಅದು ಗಾಡಿಯ ವಯಸ್ಸು. ಎಂಜಿನ್ ಇಳಿದರೆ ಮಾತ್ರ ಅದು ಡ್ರೈವರನ ತಲೆಗೆ. ಎಂಜಿನ್ ತಿಂದ, ಎನ್ನುತ್ತಿದ್ದರು. ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ. ಹಾಗೆ ಎಂಜಿನ್ ತಿಂದವನೊಬ್ಬ ಈಗ ಬಾಗಲಗುಂಟೆಯ ಕಡೆ ನೀರಿನ ಟ್ಯಾಂಕರ್ ಓಡಿಸಿಕೊಂಡಿದ್ದ. ಕಂಡವರು ಇವತ್ತಿಗೂ ಅವನನ್ನು ಊಟ ಆಯ್ತಾ ಎಂದು ಕೇಳಿ ನಗುತ್ತಿದ್ದರು. ಬೈರಪ್ಪನಿಗೆ ಈಗ ಆ ಹೆಸರು ಬರಬಾರದ ಕಾಲ. ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಕಂಟೈನರ್ ಕಂಪನಿಯೊಂದು ಅವನನ್ನು ಕರೆಯುತ್ತಿತ್ತು. ಏಸಿ ಕ್ಯಾಬಿನ್, ತಿಂಗಳ ಸಂಬಳ, ಪಿಎಫ್. ಬೈರಪ್ಪ ಬಚ್ಚಿಟ್ಟಿರಲಿಲ್ಲ. ಹೊಸ ವರ್ಷದ ಮಾರನೆಯ ದಿನ ಕಿಟಕಿಯ ಗಾಜು ಒರೆಸುತ್ತ, ಕರೀತಾವ್ರೆ ಕಣಣ್ಣ, ಇನ್ನೂ ಏನೂ ಯೋಳಿಲ್ಲ ಎಂದಿದ್ದ. ಆ ಕಂಪನಿಯ ಮ್ಯಾನೇಜರು ಯಾರನ್ನೇ ತೆಗೆದುಕೊಳ್ಳುವ ಮೊದಲು ಸ್ಟ್ಯಾಂಡಿಗೆ ಬಂದು ಒಂದು ಟೀ ಕುಡಿದು ಹೋಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಅವನು ಓದುತ್ತಿದ್ದ ಸರ್ಟಿಫಿಕೇಟು ಆ ಟೀ ಅಂಗಡಿಯ ಮಾತೊಂದೇ.

ಚಿರಂಜೀವಿ ರಟ್ಟಿನ ಹಾಳೆ ಹಾಸಿಕೊಂಡು ಲಾರಿಯ ಕೆಳಗೆ ಮಲಗಿದ್ದ. ಕರಿಬಸಪ್ಪನಿಗೆ ಕಾಣುತ್ತಿದ್ದದ್ದು ಅವನ ಎರಡು ಪಾದಗಳು. ಒಂದರಲ್ಲಿ ಚಪ್ಪಲಿ ಇತ್ತು. ಆ ಪಾದಗಳು ಒಮ್ಮೆ ಯೋಚನೆ ಮಾಡಿದವು, ಒಮ್ಮೆ ಬೇಸರಪಟ್ಟವು, ಆಮೇಲೆ ಏನನ್ನೋ ಕಂಡ ಹಾಗೆ ನೆಟ್ಟಗಾದವು. ಮನುಷ್ಯನ ಮುಖಕ್ಕಿಂತ ಪಾದ ಎಷ್ಟು ಪ್ರಾಮಾಣಿಕ ಎಂದುಕೊಳ್ಳುತ್ತಿರುವಾಗಲೇ ಚಿರಂಜೀವಿ ಜಾರಿಕೊಂಡು ಹೊರಗೆ ಬಂದ. ಕೈಯಲ್ಲಿ ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟ್ಲಿ. ಅದರ ಹೊಟ್ಟೆ ಗರ್ಭಿಣಿಯ ಹಾಗೆ ಉಬ್ಬಿತ್ತು, ತಳದಲ್ಲಿ ಬೂದು ಬಣ್ಣದ ಎಣ್ಣೆ ನೀರು, ಕತ್ತಿಗೆ ಸೈಕಲ್ ಟ್ಯೂಬಿನ ರಬ್ಬರು, ಅದರ ಮೇಲೆ ಸುತ್ತುಸುತ್ತಾಗಿ ಕರಿ ಟೇಪು.

"ಇದ್ಯಾರ್ ಸಾರ್ ಕಟ್ಟಿದ್ದು, ಇಷ್ಟು ಭಕ್ತಿಯಿಂದ?" ಎಂದ ಚಿರಂಜೀವಿ. "ಬ್ರೀದರ್ ಪೈಪಿಗೆ ಕಟ್ಟವ್ರೆ. ಎಂಜಿನ್ ಒಳಗಿನ ಗಾಳಿ ಹೊರಗೆ ಹೋಗೋದೇ ಇದ್ರಲ್ಲಿ. ಬಾಟ್ಲಿ ಕಟ್ಲಿ, ಎಲ್ರೂ ಕಟ್ತಾರೆ. ಆದ್ರೆ ಒಂದು ತೂತು ಮಾಡ್ಬೇಕಲ್ವಾ. ಮೂಗು ಬಾಯಿ ಎರಡೂ ಮುಚ್ಚಿದ್ರೆ ಒಳಗಿನ ಗಾಳಿ ಎಲ್ಲಿಗೆ ಹೋಗುತ್ತೆ? ಸಿಕ್ಕ ಸಿಕ್ಕ ಸೀಲನ್ನ ನೂಕಿದೆ, ಜೊತೆಗೆ ಎಣ್ಣೆಯೂ ಬಂದಿದೆ. ಬೈರಣ್ಣನ ಕೆಲಸ ಇರ್ಬೇಕು."

ಕರಿಬಸಪ್ಪ ಹ್ಞೂಂ ಎಂದ.

ಆ ಹ್ಞೂಂ ಹೇಗೆ ಬಾಯಿಂದ ಬಂತೆಂದು ಅವನಿಗೇ ಗೊತ್ತಾಗಲಿಲ್ಲ. ಕೆಮ್ಮು ಬಂದ ಹಾಗೆ ಬಂದುಬಿಟ್ಟಿತು. ಅದನ್ನು ಆಗಲೇ ಹಿಂತೆಗೆದುಕೊಳ್ಳಬಹುದಿತ್ತು. ಆಮೇಲೆ ಚಿರಂಜೀವಿ ಬಾಟ್ಲಿಯನ್ನು ಟೂಲ್ ಬಾಕ್ಸಿನ ಮೇಲೆ ಇಟ್ಟ, ಕೈ ಒರೆಸಿಕೊಂಡ, ಪಕ್ಕದ ಲೇತ್ ಅಂಗಡಿಯವನನ್ನು ಕರೆದು ತೋರಿಸಿದ, ಮೇಲೆ ಮೆಟ್ರೋ ಹೋಯಿತು, ಪ್ರತಿಯೊಂದರ ಜೊತೆಗೂ ಹಿಂತೆಗೆದುಕೊಳ್ಳುವ ಕೆಲಸ ಇನ್ನಷ್ಟು ಭಾರವಾಗುತ್ತ ಹೋಯಿತು. ಟೇಪಿನ ಕೊನೆಯನ್ನು ಮಡಚಿ ಒಳಗೆ ಸೇರಿಸಿದ ರೀತಿ ಕರಿಬಸಪ್ಪನದೇ. ಕಿತ್ತು ಬರಬಾರದೆಂದು ಹಾಗೆ ಮಡಚುವುದನ್ನು ಅವನು ಇಪ್ಪತ್ತು ವರ್ಷ ತಾನೇ ಲಾರಿ ಓಡಿಸಿದ ಕಾಲದಿಂದಲೂ ಮಾಡುತ್ತ ಬಂದಿದ್ದ. ಓಡಿಸಲಷ್ಟೇ ಬಂದದ್ದು, ಎಂಜಿನ್ನಿನ ಒಳಗನ್ನು ಆಗಲೂ ಮೆಕ್ಯಾನಿಕ್ಕುಗಳಿಗೇ ಬಿಟ್ಟಿದ್ದ. ಸೊಂಟ ಕೈಕೊಟ್ಟ ಮೇಲೆ ಸ್ಟೇರಿಂಗನ್ನೂ ಬೈರಪ್ಪನಿಗೆ ಒಪ್ಪಿಸಿದ್ದ.

ಬಾಟ್ಲಿಯ ಹಿಂದೆ ಇದ್ದದ್ದು ರಂಗೋಲಿ. ಮಾಕಳಿಯಲ್ಲಿ ಕರಿಬಸಪ್ಪ ಬಾಡಿಗೆಗಿದ್ದ ಮನೆಯ ಒಡತಿ ನಾಗಲಕ್ಷ್ಮಮ್ಮ, ಹೊಲವೆಲ್ಲ ಲೇಔಟಾದಾಗ ಮೂಲೆಯ ಸೈಟು ಉಳಿಸಿಕೊಂಡು ಮೂರು ಅಂತಸ್ತು ಎಬ್ಬಿಸಿದ ಹೆಂಗಸು. ಮನೆ ಮುಂದೆ ಲಾರಿ ನಿಲ್ಲಿಸಿಕೊಳ್ಳಲು ಅವಳು ಒಂದು ರೂಪಾಯಿಯೂ ಕೇಳಿರಲಿಲ್ಲ. ಲಾರಿ ಇದ್ದರೆ ಕಸ ಸುರಿಯುವವರು ಬರುವುದಿಲ್ಲ ಎಂದಷ್ಟೇ ಹೇಳಿದ್ದಳು. ವಯಸ್ಸಾದ ಲಾರಿ ಬೆಳಗಾಗುವುದರೊಳಗೆ ಆ ಪೈಪಿನ ಬಾಯಿಂದ ಒಂದೆರಡು ಹನಿ ಉದುರಿಸುತ್ತದೆ, ಅದು ರೋಗವಲ್ಲ. ಲಾರಿ ಹೋದ ಮೇಲೆ ನಾಗಲಕ್ಷ್ಮಮ್ಮ ಸಿಮೆಂಟು ತೊಳೆದು ರಂಗೋಲಿ ಹಾಕಲು ಬಂದರೆ ಅಲ್ಲಿ ಕಪ್ಪು ಬೊಟ್ಟು. ಅವಳು ಬಯ್ಯಲಿಲ್ಲ. ಬೊಟ್ಟನ್ನೇ ನಡುವೆ ಇಟ್ಟುಕೊಂಡು ಸುತ್ತ ಕಮಲದ ಎಸಳು ಬಿಡಿಸಿದಳು. ಇನ್ನೊಂದು ದಿನ ಎರಡು ಹನಿ ಬಿದ್ದವು, ಅವು ಎರಡು ಗಿಳಿಗಳ ಕಣ್ಣುಗಳಾದವು. ಗಂಗಮ್ಮ ಮೇಲಿನಿಂದ ನೋಡಿ, ನಿಮ್ಮ ಲಾರಿಗೆ ಚಿತ್ರ ಬರೆಯೋದು ಬರ್ತದೆ ಎಂದು ನಕ್ಕಿದ್ದಳು. ಕರಿಬಸಪ್ಪನಿಗೆ ನಗು ಬರಲಿಲ್ಲ. ಬಾಡಿಗೆಗೆ ಇರುವವನು ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಇಂಥ ಸೌಜನ್ಯವನ್ನು ತಡೆದುಕೊಳ್ಳುವುದು ಕಷ್ಟ. ಪಿತೃಪಕ್ಷದ ಒಂದು ಭಾನುವಾರ, ಬೈರಪ್ಪ ತನ್ನ ಊರಿಗೆ ಎಡೆ ಇಡಲು ಹೋಗಿದ್ದಾಗ, ಇವನು ಸೊಂಟದ ಬೆಲ್ಟು ಬಿಗಿದುಕೊಂಡು ಲಾರಿಯ ಕೆಳಗೆ ನುಸುಳಿ ಆ ಬಾಟ್ಲಿ ಕಟ್ಟಿದ. ಒಂದು ಹನಿಯೂ ಹೊರಬೀಳಬಾರದು ಎಂದು ರಬ್ಬರು ಸುತ್ತಿದ. ಮಾರನೆಯ ಬೆಳಿಗ್ಗೆ ನಾಗಲಕ್ಷ್ಮಮ್ಮ ಬೋಳು ಸಿಮೆಂಟು ನೋಡಿ, ವಾಸಿಯಾಯ್ತಾ ಎಂದು ಕೇಳಿದಳು. ವಾಸಿಯಾಯ್ತಮ್ಮ ಎಂದು ಇವನು ಹೆಮ್ಮೆಯಿಂದ ಹೇಳಿದ. ದೀಪಾವಳಿಗೆ ಎಣ್ಣೆ ಎಲ್ಲ ಕಡೆಯಿಂದ ಬರತೊಡಗಿದಾಗ, ಆ ವಾಸಿಗೂ ಈ ರೋಗಕ್ಕೂ ನಂಟಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯದೇ ಇದ್ದದ್ದಕ್ಕೆ, ಆಗಲೇ ಬೇರೊಬ್ಬನ ಮೇಲೆ ಕಣ್ಣು ನೆಟ್ಟಿತ್ತು ಎಂಬುದೂ ಒಂದು ಕಾರಣವಿರಬಹುದು.

ಚಿರಂಜೀವಿ ಟೀ ತರಿಸಿದ. ಬೆಳಿಗ್ಗೆ ಎಂಜಿನ್ನೇ ಹಾಕಬೇಕಾದೀತು ಎಂದಿದ್ದವನ ಮಾತು ಈಗ ಬೇರೆಯಾಗಿತ್ತು. ಹೊಗೆ ಇಲ್ಲ, ಎಳೆತ ಇದೆ, ಒಳಗೆ ಎಲ್ಲ ಗಟ್ಟಿಯಾಗಿದೆ, ಗೇರ್‌ಬಾಕ್ಸು ಇಳಿಸಿ ಸೀಲು, ಪ್ಯಾಕಿಂಗು ಹಾಕಿ ಪೈಪನ್ನು ಬಿಡುವಾಗಿ ಬಿಟ್ಟರೆ ಇನ್ನೆರಡು ವರ್ಷ ಓಡುತ್ತದೆ. ಯಾರ್ಡಿನವನಿಗೆ ಬೇಡವೆಂದು ಹೇಳಿಬಿಡುತ್ತೇನೆ, ನನಗೆ ಎಂಜಿನ್ ಹಾಕಿದರೇ ಲಾಭ, ಆದರೆ ಸುಳ್ಳು ಹೇಳಿ ಗಿರಾಕಿ ಕಳೆದುಕೊಳ್ಳಲಾರೆ ಎಂದ. ಹೀಗೆ ನಲವತ್ತು ಸಾವಿರ ತಾನಾಗಿ ಗೆದ್ದಿತ್ತು. ಕರಿಬಸಪ್ಪ ಸಂತೋಷಪಡಬೇಕಿತ್ತು. ಅವನು ಟೀಯನ್ನು ಊದುತ್ತ ಬೇರೊಂದು ಲೆಕ್ಕ ಮಾಡುತ್ತಿದ್ದ, ಅದು ಅವನ ಮನಸ್ಸಿನಲ್ಲಿ ತಾನೇ ಬೆಳೆಯುತ್ತಿತ್ತು, ಅವನು ಸುಮ್ಮನೆ ನೋಡುತ್ತಿದ್ದ. ಸೀಲು ಹಾಕಿಸಿದರೆ, ಎಣ್ಣೆ ಯಾಕೆ ಸೋರಿತು ಎಂಬ ಮಾತು ಬರುತ್ತದೆ. ಚಿರಂಜೀವಿಯ ಬಾಯಲ್ಲಿ ಬಾಟ್ಲಿ ಕತೆ ಸಂಜೆಯೊಳಗೆ ಸ್ಟ್ಯಾಂಡು ಸೇರುತ್ತದೆ. ಬೈರಪ್ಪ, ನಾನಲ್ಲ ಎನ್ನುತ್ತಾನೆ. ಬೈರಪ್ಪನಲ್ಲದಿದ್ದರೆ ಮತ್ತೆ ಯಾರು? ಅದೇ ಎಂಜಿನ್ನನ್ನೇ ಬದಲಾಯಿಸಿದರೆ ಹಳೆಯದು ಯಾರ್ಡಿಗೆ ಹೋಗುತ್ತದೆ, ಬಾಟ್ಲಿ ಗುಜರಿಗೆ ಹೋಗುತ್ತದೆ, ಹೋದ ಎಂಜಿನ್ನಿನ ಎಣ್ಣೆ ಎಲ್ಲಿಂದ ಸೋರಿತೆಂದು ಯಾರೂ ಕೇಳುವುದಿಲ್ಲ. ಬೈರಪ್ಪ ಎಂಜಿನ್ ತಿಂದ, ಮುಗಿಯಿತು. ಕಂಟೈನರ್ ಕಂಪನಿಯ ಮ್ಯಾನೇಜರು ಟೀ ಕುಡಿದು ಹೊರಟುಹೋಗುತ್ತಾನೆ. ಬೈರಪ್ಪ ಇಲ್ಲೇ ಉಳಿಯುತ್ತಾನೆ, ಬೇರೆ ದಾರಿಯಿಲ್ಲದೆ. ಬಯ್ದವರೇ ಮತ್ತೆ ಕೆಲಸ ಕೊಟ್ಟರು ಎಂದು ಸ್ವಲ್ಪ ಋಣದಲ್ಲೂ ಇರುತ್ತಾನೆ. ಇಂಥ ಡ್ರೈವರು ಇನ್ನೊಬ್ಬ ಸಿಗುವುದಿಲ್ಲ. ಡೀಸೆಲ್ ಕದಿಯುವುದಿಲ್ಲ, ಕುಡಿಯುವುದಿಲ್ಲ, ಟೈರು ಬಿಸಿಯಾಗಿದೆ ಎಂಬುದನ್ನು ಸದ್ದಿನಲ್ಲೇ ಹೇಳುತ್ತಾನೆ.

"ಎಂಜಿನ್ನೇ ಹಾಕಿಬಿಡೋಣ ಬಿಡಪ್ಪ," ಎಂದ ಕರಿಬಸಪ್ಪ.

ಚಿರಂಜೀವಿ ಟೀ ಕುಡಿಯುವುದನ್ನು ನಿಲ್ಲಿಸಿ ನೋಡಿದ. ದುಡ್ಡು ಹೆಚ್ಚಾಗಿದೆಯಾ ಸಾರ್ ಎಂದು ಕೇಳಿದ, ತಮಾಷೆಯಲ್ಲ. ಇವನು ಏನೇನೋ ಹೇಳಿದ. ಮತ್ತೆ ಮತ್ತೆ ಬಿಚ್ಚಿಸುವುದು ಬೇಡ, ಒಂದೇ ಸಲ ಆಗಿಬಿಡಲಿ, ಮಾಲು ಕೊಡುವವರಿಗೆ ನಂಬಿಕೆ ಬರಬೇಕು. ಹೇಳುತ್ತ ಹೇಳುತ್ತ ಅವನಿಗೇ ಅವೆಲ್ಲ ಒಳ್ಳೆಯ ಕಾರಣಗಳೆನಿಸಿದವು, ಸುಳ್ಳಿಗೆ ಕಾರಣಗಳು ಯಾವಾಗಲೂ ಜಾಸ್ತಿ ಸಿಗುತ್ತವೆ. ನಿಮ್ಮ ಇಷ್ಟ ಎಂದು ಚಿರಂಜೀವಿ ಯಾರ್ಡಿಗೆ ಫೋನು ಮಾಡಲು ಆಚೆ ಹೋದ. ಆಗ ಗಂಗಮ್ಮನ ಫೋನು ಬಂತು. ಏನು ಮಾಡಿದಿರಿ ಎಂದಳು, ಇವನು ಹೇಳಿದ. ಅವಳು ಸರದ ಮಾತು ಎತ್ತಲಿಲ್ಲ. ಆದೀತು ಎಂದಳು. ಬೈರಪ್ಪನಿಗೂ ಸೇರಿಸಿ ರೊಟ್ಟಿ ಕಟ್ಟಿದ್ದೀನಿ, ಅವನಿಗೆ ಎಣಗಾಯಿ ಸೇರುತ್ತದೆ, ನೀವೊಬ್ಬರೇ ತಿಂದುಬಿಡಬೇಡಿ ಎಂದು ಫೋನು ಇಟ್ಟಳು. ಅವಳ ಆದೀತು ಎಂಬ ಮಾತು ಆ ಎರಡು ಲಕ್ಷ ಎಂಬತ್ತು ಸಾವಿರವನ್ನು ಇದ್ದಕ್ಕಿದ್ದಂತೆ ಅವನ ಕಣ್ಣ ಮುಂದೆ ನಿಲ್ಲಿಸಿತು. ಎರಡು ರೂಪಾಯಿಗೂ ಗುಜರಿಯವನು ಕೊಳ್ಳದ ಒಂದು ಬಾಟ್ಲಿಯನ್ನು ಮುಚ್ಚಿಡಲು ಅಷ್ಟು ಹಣ. ಅವನಿಗೆ ನಗು ಬಂತು. ಕೂತಲ್ಲೇ, ಒಬ್ಬನೇ, ಸೊಂಟ ನೋಯುವಷ್ಟು ನಕ್ಕ. ಲೇತ್ ಅಂಗಡಿಯವನು ತಲೆಯೆತ್ತಿ ನೋಡಿದ. ನಕ್ಕು ಮುಗಿದ ಮೇಲೆಯೂ ತೀರ್ಮಾನ ಮಾತ್ರ ಹಾಗೇ ಇತ್ತು, ಅದೇ ಆಶ್ಚರ್ಯ. ತನ್ನ ದಡ್ಡತನ ಕಂಡು ನಗುವುದು ಬೇರೆ, ನಾಲ್ಕು ಜನರ ಮುಂದೆ ಅದನ್ನು ಒಪ್ಪಿಕೊಳ್ಳುವುದು ಬೇರೆ.

ಬೈರಪ್ಪ ಫೌಂಡ್ರಿಯಿಂದ ನಡೆದುಕೊಂಡು ಬಂದ. ಇವತ್ತಿನ ಮಾಲು ಸಾಗಿಸಲು ಬೇರೆ ಲಾರಿಗೆ ಹೇಳಿ, ಅದಕ್ಕೆ ಲೋಡು ಸರಿಯಾಗಿ ಕೂರಿಸಿ ಹಗ್ಗ ಬಿಗಿಸಿ ಬಂದಿದ್ದ, ಯಾರೂ ಹೇಳಿರಲಿಲ್ಲ. ಗ್ಯಾರೇಜಿನ ಬಾಗಿಲಲ್ಲೇ ಚಿರಂಜೀವಿ ಸಿಕ್ಕಿ, ಎಂಜಿನ್ ಇಳಿಸ್ತಾ ಇದೀವಿ ಬೈರಣ್ಣ ಎಂದ. ಬೈರಪ್ಪ ತಲೆಯಾಡಿಸಿದ. ಚಿರಂಜೀವಿ ಬಾಟ್ಲಿಯತ್ತ ಕೈತೋರಿ ಏನೋ ಹೇಳಲು ಹೊರಟ. ಬೈರಪ್ಪ ಕೇಳಿಸಿಕೊಳ್ಳುವ ಮೊದಲೇ ಕ್ಯಾಬಿನ್ ಹತ್ತಿದ್ದ. ಕರಿಬಸಪ್ಪ ಸೀಟಿನಿಂದ ಏಳದೆ ನೋಡುತ್ತಿದ್ದ. ಬೈರಪ್ಪ ಟವಲು ತೆಗೆದುಕೊಂಡ, ಕನ್ನಡಿಯ ಹಿಂದೆ ಸಿಕ್ಕಿಸಿದ್ದ ಬಾಚಣಿಗೆ ತೆಗೆದುಕೊಂಡ, ಒಂದು ಜೊತೆ ಬಟ್ಟೆ. ಡ್ಯಾಶ್‌ಬೋರ್ಡಿನ ಮೇಲಿದ್ದ ಮುನೇಶ್ವರನ ಚಿಕ್ಕ ಪಟಕ್ಕೆ ಕೈಯಿಟ್ಟವನು, ಅದು ಗಾಡಿಯದೋ ತನ್ನದೋ ಎಂದು ಯೋಚಿಸಿದ ಹಾಗೆ ನಿಂತು, ಅಲ್ಲೇ ಬಿಟ್ಟ. ಅಂಟಿಸಿದ್ದು ಅವನೇ. ಅವನು ಕೂಗಾಡಿದ್ದರೆ ಕರಿಬಸಪ್ಪನೂ ಕೂಗಾಡಬಹುದಿತ್ತು; ಅದಕ್ಕೆ ಬೇಕಾದ ಮಾತುಗಳೆಲ್ಲ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಬೈರಪ್ಪ ಇಳಿದು ಬಂದು ಬೀಗದ ಕೈಯನ್ನು ಸೀಟಿನ ಮೇಲೆ, ಇವನ ಪಕ್ಕದಲ್ಲಿ ಇಟ್ಟ.

"ಎಂಜಿನ್ ತಿಂದೋನು ಅಂತ ಎಸ್ರು ತಕೊಂಡು ಇನ್ನೊಬ್ರ ಗಾಡಿ ಅತ್ತಾಕಾಗಕಿಲ್ಲ ಕಣಣ್ಣ," ಎಂದ. "ನಿಮ್ ಗಾಡೀಲೂ ಕೂರಾಕಾಗಕಿಲ್ಲ. ಊರಲ್ಲಿ ನನ್ ಬಾಮೈದ ಟ್ಯಾಂಕ್ರು ಇಟ್ಟವ್ನೆ. ನೋಡ್ಕಂತೀನಿ."

ಕರಿಬಸಪ್ಪನ ಲೆಕ್ಕದಲ್ಲಿ ಈ ಸಾಲು ಇರಲೇ ಇಲ್ಲ. ಹೆಸರು ಕೆಟ್ಟವನು ಉಳಿಯುತ್ತಾನೆ ಎಂದು ಅವನು ಲೆಕ್ಕ ಹಾಕಿದ್ದ. ಬೀಗದ ಕೈ ಬಿಸಿಲಿಗೆ ಬೆಚ್ಚಗಿತ್ತು. ಲೇತ್ ಅಂಗಡಿಯಲ್ಲಿ ಇಬ್ಬರು, ಪಂಕ್ಚರ್ ಹಾಕಿಸಲು ಬಂದಿದ್ದ ಸ್ಟ್ಯಾಂಡಿನ ಇಬ್ಬರು ಡ್ರೈವರುಗಳು, ಚಿರಂಜೀವಿ, ಎಲ್ಲರೂ ಬೇರೆಲ್ಲೋ ನೋಡುತ್ತ ಇಲ್ಲೇ ಕಿವಿಯಿಟ್ಟಿದ್ದರು. ಈಗ ಹೇಳಿದರೂ ಬೈರಪ್ಪ ಹೋಗುತ್ತಾನೆ, ಹೇಳದಿದ್ದರೂ ಹೋಗುತ್ತಾನೆ. ಹೇಳಿದರೆ ಏಸಿ ಕ್ಯಾಬಿನ್ನಿಗೆ, ಹೇಳದಿದ್ದರೆ ಟ್ಯಾಂಕರಿಗೆ. ಇಷ್ಟು ಸ್ಪಷ್ಟವಾದ ಮೇಲೂ ಬಾಯಿ ತೆರೆಯಲು ಹೊತ್ತು ಹಿಡಿಯಿತು, ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ಬಲ ಬೇಕೆಂದು ಅವನು ಐವತ್ತೆಂಟು ವರ್ಷದಲ್ಲಿ ತಿಳಿದಿರಲಿಲ್ಲ. ಎದ್ದು ನಿಂತ. ಟೂಲ್ ಬಾಕ್ಸಿನ ಮೇಲಿದ್ದ ಬಾಟ್ಲಿಯನ್ನು ಕೈಗೆತ್ತಿಕೊಂಡ, ಕೈಯಲ್ಲಿ ಏನಾದರೂ ಇದ್ದರೆ ಮಾತಾಡುವುದು ಸುಲಭವೆಂದು.

"ಈ ಬಾಟ್ಲಿ ಬೈರಪ್ಪ ಕಟ್ಟಿದ್ದಲ್ಲ," ಎಂದ. "ನಾನು ಕಟ್ಟಿದ್ದು. ಎಣ್ಣೆ ಸೋರಿದ್ದೂ ಇದರಿಂದಾನೇ ಅಂತ ಚಿರಂಜೀವಿ ಹೇಳ್ತಾನೆ. ಅವನ ಓಡ್ಸೋ ರೀತೀಲಿ ಏನೂ ತಪ್ಪಿಲ್ಲ. ಅವತ್ತು ಟೀ ಅಂಗಡಿ ಮುಂದೆ ನಾನಾಡಿದ್ದು ತಪ್ಪು. ಎಂಜಿನ್ ಬೇಡಪ್ಪ, ಸೀಲು ಹಾಕು."

ಪಂಕ್ಚರಿಗೆ ಬಂದಿದ್ದ ಡ್ರೈವರುಗಳಲ್ಲಿ ಒಬ್ಬ, ಹಂಗಾದ್ರೆ ಎಂಜಿನ್ ತಿಂದಿದ್ದು ಓನರ್ರಾ ಎಂದ, ಮೆಲ್ಲಗೆ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗೆ. ಮೊದಲು ನಕ್ಕದ್ದು ಚಿರಂಜೀವಿ. ಆಮೇಲೆ ತಡೆಯಲಿಲ್ಲ, ಲೇತ್ ಅಂಗಡಿಯವನು ಮಷೀನು ನಿಲ್ಲಿಸಿ ಬಂದು ನಕ್ಕ. ತಿನ್ನಲಿಲ್ಲ, ರುಚಿ ನೋಡವ್ರೆ ಅಷ್ಟೇ ಎಂದು ಇನ್ನೊಬ್ಬ. ಕರಿಬಸಪ್ಪ ಬಾಟ್ಲಿ ಹಿಡಿದುಕೊಂಡೇ ನಿಂತಿದ್ದ, ಬಹುಮಾನ ಪಡೆದು ಫೋಟೋಕ್ಕೆ ಕಾಯುತ್ತಿರುವವನ ಹಾಗೆ. ಬೈರಪ್ಪ ಮಾತ್ರ ನಗದೆ ಬಾಟ್ಲಿಯ ಕತ್ತನ್ನು ನೋಡುತ್ತಿದ್ದ.

"ಅದು ಇರೋದು ನಂಗೊತ್ತಿತ್ತು," ಎಂದ. "ಟೇಪು ಮಡ್ಚಿರೋದು ನೋಡೇ ನೀವು ಕಟ್ಟಿರೋದು ಅನ್ಕಂಡೆ. ಇಂಗಾಯ್ತದೆ ಅಂತ ನಂಗೂ ಒಳೀಲಿಲ್ಲ. ಓನರ್ ಕೈಯಾರೆ ಕಟ್ಟಿರೋದ್ನ ಡ್ರೈವರ್ ಯಂಗೆ ಬಿಚ್ಚೋದು ಅಂತ ಬಿಟ್ಟೆ."

ಇಬ್ಬರೂ ಸೇರಿಯೇ ಗಾಡಿಯ ಉಸಿರು ಕಟ್ಟಿಸಿದಿರಿ ಎಂದು ಚಿರಂಜೀವಿ ಜಾಕು ತರಲು ಹೋದ. ಕರಿಬಸಪ್ಪ ಬುತ್ತಿ ಬಿಚ್ಚಿದ. ಎಣಗಾಯಿ ಪೂರ್ತಿ ಬೈರಪ್ಪನ ಕಡೆ ಸರಿಸಿದ. ಬೈರಪ್ಪ ಅರ್ಧ ತಿರುಗಿ ಇವನ ರೊಟ್ಟಿಯ ಮೇಲೆ ಹಾಕಿದ. ತಿನ್ನುವಾಗ ಇಬ್ಬರೂ ಸೀಲಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಕ್ಷಮೆ ಕೇಳಿದ್ದೋ ಕೊಟ್ಟದ್ದೋ ಆಗಿದ್ದರೆ ಆ ಬದನೆಕಾಯಿಯಲ್ಲೇ ಆಗಿರಬೇಕು.

ಮೂರು ದಿನಕ್ಕೆ ಕೆಲಸ ಮುಗಿಯಿತು. ಬೈರಪ್ಪ ಲಾರಿಯನ್ನು ನೆಲಮಂಗಲದವರೆಗೆ ಓಡಿಸಿ ತಂದು, ಕೆಳಗೆ ದಿನಪತ್ರಿಕೆ ಹಾಸಿ ಕಾದ. ಹಾಳೆ ಒಣಗಿಯೇ ಇತ್ತು, ಪೈಪಿನ ಬಾಯ ಕೆಳಗೆ ಒಂದು ಹನಿ ಬಿಟ್ಟರೆ. ಮರುವಾರ ಕಂಟೈನರ್ ಕಂಪನಿಯ ಮ್ಯಾನೇಜರು ಸ್ಟ್ಯಾಂಡಿಗೆ ಬಂದ. ಟೀ ಅಂಗಡಿಯವನು ಅವನನ್ನು ಕರಿಬಸಪ್ಪನ ಹತ್ತಿರವೇ ಕಳಿಸಿದ, ಬೇಕೆಂದೇ. ಬೈರಪ್ಪ ಹೇಗೆ ಎಂದು ಅವನು ಕೇಳಿದಾಗ ಕರಿಬಸಪ್ಪನಿಗೆ ಒಂದು ಕ್ಷಣ, ಪರವಾಗಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುವ ಆಸೆ ಬಂತು. ಆ ಮಾತಿನಲ್ಲಿ ಸುಳ್ಳೂ ಇರುವುದಿಲ್ಲ, ಕೆಲಸವೂ ಸಿಗುವುದಿಲ್ಲ. ಅವನು ಹಾಗೆ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಟೀಯ ದುಡ್ಡನ್ನೂ ತಾನೇ ಕೊಟ್ಟ. ಫೆಬ್ರವರಿ ಮುಗಿಯುವುದಕ್ಕೆ ಮೊದಲು ಬೈರಪ್ಪ ಇವನ ಲಾರಿ ಬಿಟ್ಟು ಆ ಕಂಪನಿಗೆ ಹೋದ.

ಎಂಜಿನ್ ಉಳಿಯಿತು, ಎಣ್ಣೆ ನಿಂತಿತು. ಒಳ್ಳೆಯ ಡ್ರೈವರೊಬ್ಬ ಹೋದ. ಅವನ ಜಾಗಕ್ಕೆ ಬಂದವನು ಗೇರು ಬದಲಿಸುವ ಸದ್ದು ಮಾಕಳಿಯ ತಿರುವಿನಿಂದಲೇ ಮನೆಗೆ ಕೇಳಿಸುತ್ತದೆ, ಕರಿಬಸಪ್ಪ ಏನೂ ಅನ್ನುವುದಿಲ್ಲ.